ಗೋಡೆಗೆ ಯಾವ ಬಣ್ಣ?

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಸಾಗರದ ನಮ್ಮ ಹಳೆಯ ಮನೆಯ ನಡುಮನೆ ಗೋಡೆ ಹಪ್ಪಳದಂತೆ ಉಬ್ಬಿಕೊಂಡಿತು. ಬೆರಳಿನಿಂದ ಒತ್ತಿದರೆ ಸಾಕು, ಅಂಗೈಯಗಲದ ಚಕ್ಕೆ ಕಳಚಿ ಕೈಗೇ ಬರುತ್ತಿತ್ತು. ದೀಪಾವಳಿಗೆ ಇನ್ನು ಮೂರೇ ವಾರ. ಗೊತ್ತಿದ್ದ ಪೇಂಟರ್ ಒಬ್ಬನನ್ನು ಕರೆಸಿದೆ. ಅವನು ಕಬ್ಬಿಣದ ಪಟ್ಟಿ ಹಿಡಿದು ಗೋಡೆ ಕೆರೆಯತೊಡಗಿದ. ಮಧ್ಯಾಹ್ನ ಚಹಾ ಕೊಡಲು ಹೋದಾಗ ನೋಡುತ್ತೇನೆ, ಗೋಡೆಯ ಮೇಲೊಂದು ಭೂಪಟವೇ ಮೂಡಿದೆ. ಮೇಲೆ ಬಾದಾಮಿ ಬಣ್ಣ, ಅದರಡಿ ಪಿಸ್ತಾ ಹಸಿರು, ಅದರಡಿ ತಿಳಿನೀಲಿ, ಅದರಡಿ ಬಿಳಿ, ಎಲ್ಲಕ್ಕಿಂತ ಕೆಳಗೆ ಕೆಮ್ಮಣ್ಣಿನ ಕೆಂಪು.

"ಯಾವ ಬಣ್ಣ ಹೊಡೀಲಿ ಅಮ್ಮಾ?" ಎಂದು ಕೇಳಿದ.

"ಇವರನ್ನ ಕೇಳಿ ಹೇಳ್ತೀನಪ್ಪಾ" ಎಂದೆ.

ಹೇಳಿ, ಖಾಲಿ ಲೋಟ ಹಿಡಿದು ಅಡುಗೆಮನೆಯವರೆಗೆ ಬಂದ ಮೇಲೆ ನೆನಪಾಯಿತು. ಇವರು ತೀರಿಕೊಂಡು ಮೂರು ವರ್ಷವಾಗಿದೆ. ಪಾಪ, ಆ ಪೇಂಟರ್ ಏನೆಂದುಕೊಂಡನೋ! ಮಗನನ್ನು ಕೇಳುತ್ತೇನೆ ಎಂದು ತಿಳಿದಿರಬೇಕು. ಸಂಜೆ ಮಗನಿಗೆ ಬೆಂಗಳೂರಿಗೆ ಫೋನು ಮಾಡಿದರೆ ಅವನು, "ಅಯ್ಯೋ, ಅದಕ್ಕೆಲ್ಲ ನನ್ನನ್ನ ಕೇಳ್ತೀಯಲ್ಲಮ್ಮಾ. ನಿನಗೆ ಬೇಕಾದ್ದು ಹೊಡೆಸು" ಎಂದುಬಿಟ್ಟ. ಪ್ರೀತಿಯಿಂದಲೇ ಹೇಳಿದ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಬೇಕಾದ್ದು ಯಾವುದು? ಈ ಮನೆಗೆ ಬಂದು ನಲವತ್ತೈದು ವರ್ಷ ದಾಟಿತು. ದಿನಕ್ಕೆ ನೂರು ಸಲ ನೋಡಿದ ಗೋಡೆ. ಅದಕ್ಕೆ ಯಾವ ಬಣ್ಣ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಹಾಗಾದರೆ ಈ ಐದು ಬಣ್ಣಗಳನ್ನು ಆರಿಸಿದವರು ಯಾರು? ಬೆಳಗಾದ ಮೇಲೆ ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ಕುಳಿತೆ.

ಮೊದಲು ಎಲ್ಲಕ್ಕಿಂತ ಕೆಳಗಿನ ಕೆಂಪು. ಅದು ನಮ್ಮ ಅತ್ತೆಯವರ ಅತ್ತೆಯ ಕಾಲದ್ದು. ಮಲೆನಾಡಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ಗಾಳಿಗೆ ತುಕ್ಕು ಹಿಡಿದಂತಾಗಿ ಮಣ್ಣಿಗೆ ಆ ಕೆಂಪು ಬರುತ್ತದೆ. ಮಳೆ ನಿಂತ ಮೇಲೆ ಹೆಂಗಸರು ಬುಟ್ಟಿ ಹಿಡಿದು ಧರೆಯ ಹತ್ತಿರ ಹೋಗಿ, ಕಲ್ಲಿಲ್ಲದ ನುಣುಪು ಮಣ್ಣನ್ನು ಆರಿಸಿ ತರುತ್ತಿದ್ದರಂತೆ. ಅದನ್ನು ನೆನೆಸಿ, ಕದಡಿ, ಬಟ್ಟೆಯಲ್ಲಿ ಸೋಸಿ, ಹಳೆಯ ಸೀರೆಯ ತುಂಡು ಅದ್ದಿ ಗೋಡೆಗೆ ಸಾರಿಸುವುದು. ಒಣಗಿದ ಮೇಲೆ ಅದರ ಮೇಲೆ ಶೇಡಿಯ ಬಿಳಿ ಗೆರೆ. ಹಬ್ಬಕ್ಕೆ ಬರೆದ ಶೇಡಿ ಮುಂದಿನ ಮಳೆಗಾಲದಲ್ಲಿ ಅಳಿಸಿಹೋದರೆ ಯಾರಿಗೂ ದುಃಖವಿಲ್ಲ. ಬರೆಯುವ ಕೈ ಮನೆಯಲ್ಲೇ ಇತ್ತಲ್ಲ.

ನಮ್ಮ ಸೀಮೆಯ ದೀವರ ಮನೆಗಳಲ್ಲಿ ಬರೆಯುವ ಹಸೆ ಚಿತ್ತಾರವನ್ನು ನೀವೂ ನೋಡಿರಬಹುದು. ಈಗ ಅದನ್ನು ಕಟ್ಟು ಹಾಕಿಸಿ ಪಟ್ಟಣದ ಮನೆಗಳಲ್ಲಿ ತೂಗುಹಾಕುತ್ತಾರೆ. ಅದಕ್ಕೆ ಇರುವುದು ನಾಲ್ಕೇ ಬಣ್ಣ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಎಂದರೆ ಪುಂಡಿ ನಾರು. ಮದುವೆಯ ಮನೆಯಲ್ಲಿ ಗೋಡೆಯ ಮೇಲೆ ನೂಲು ಹಿಡಿದಂತೆ ನೇರ ಗೆರೆಗಳನ್ನು ಎಳೆಯುತ್ತಿದ್ದವರು ಹೆಂಗಸರೇ. ಅಂಗಡಿಗೆ ಹೋಗುವ ಮಾತೇ ಇಲ್ಲ. ಬಣ್ಣವೆಲ್ಲ ಹಿತ್ತಿಲಿನದು, ಅಡುಗೆಮನೆಯದು.

ಆ ಕಾಲ ಬಂಗಾರದ್ದು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅತ್ತೆಯವರು ಬಸುರಿಯಾಗಿ ಏಳನೆಯ ತಿಂಗಳಲ್ಲೂ ಏಣಿ ಹತ್ತಿ ಗೋಡೆ ಸಾರಿಸಿದ್ದರಂತೆ. ಕೆಂಪು ಬಿಟ್ಟು ಬೇರೆ ಬಣ್ಣ ಆರಿಸುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಊರ ಮಣ್ಣು ಕೆಂಪು, ಹಾಗಾಗಿ ಊರ ಗೋಡೆ ಕೆಂಪು. ಆದರೆ ಗೋಡೆಯ ವಿದ್ಯೆ ಅವರ ಕೈಯಲ್ಲಿತ್ತು. ಎಷ್ಟು ನೀರು, ಎಷ್ಟು ಮಣ್ಣು, ಎಲ್ಲಿ ಗೆರೆ ಎಂದು ಅವರು ಯಾರನ್ನೂ ಕೇಳಬೇಕಿರಲಿಲ್ಲ.

ಅದರ ಮೇಲಿನ ಪದರ ಬಿಳಿ, ಸುಣ್ಣ. ಸುಣ್ಣದ ಕಥೆ ನನಗೆ ಎಂದಿಗೂ ಬೆರಗು. ಸುಣ್ಣದ ಕಲ್ಲನ್ನೋ ಕರಾವಳಿಯ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದನ್ನು ತೆಳ್ಳಗೆ ಗೋಡೆಗೆ ಬಳಿದರೆ ಮತ್ತೆ ಗಾಳಿಯಿಂದ ಆ ಇಂಗಾಲದ ಡೈಆಕ್ಸೈಡನ್ನೇ ಎಳೆದುಕೊಂಡು ಗಟ್ಟಿಯಾಗುತ್ತದೆ. ಅಂದರೆ ಕಲ್ಲು ಪುಡಿಯಾಗಿ, ನೀರಾಗಿ, ಗೋಡೆಯ ಮೇಲೆ ತಿರುಗಿ ಕಲ್ಲಾಗುತ್ತದೆ. ನಮ್ಮಲ್ಲಿ ಸುಣ್ಣಕ್ಕೆ ಅಕ್ಕಿಗಂಜಿಯನ್ನೂ ಒಂದು ಹಿಡಿ ಉಪ್ಪನ್ನೂ ಬೆರೆಸುತ್ತಿದ್ದರು. ಕೇದಗೆಯ ಬಿಳಲನ್ನು ಜಜ್ಜಿದರೆ ಅದೇ ಕುಂಚ.

ಆದರೆ ಬಿಳಿ ಬರೀ ಅಂದಕ್ಕೆ ಬಂದ ಬಣ್ಣವಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು, 1898ರಲ್ಲಿ ಬೆಂಗಳೂರಿಗೆ ಬಂತು. ಮುಂಬೈಯಲ್ಲಿ ಅಧಿಕಾರಿಗಳು ರೋಗ ಬಂದ ಮನೆಗಳಿಗೆ ನುಗ್ಗಿ, ಸಾಮಾನು ಹೊರಗೆ ಹಾಕಿಸಿ, ಒಳಗೋಡೆಗೆ ಸುಣ್ಣ ಬಳಿಸುತ್ತಿದ್ದರು. ಸುಣ್ಣದ ಕ್ಷಾರಕ್ಕೆ ಕ್ರಿಮಿಗಳು ಸಾಯುತ್ತವೆ ಎಂಬುದು ನಿಜವೇ. ಆಸ್ಪತ್ರೆ ಬಿಳಿ, ಶಾಲೆ ಬಿಳಿ, ಕಚೇರಿ ಬಿಳಿ. ಬಿಳಿ ಗೋಡೆಯ ಮನೆ ಎಂದರೆ ಶುದ್ಧವಾದ ಮನೆ, ತಿಳಿವಳಿಕೆ ಇದ್ದವರ ಮನೆ ಎಂಬ ಮಾತು ಮೆಲ್ಲಗೆ ಹಳ್ಳಿಗೂ ಬಂತು. ಮಣ್ಣು ಸಾರಿಸಿದ ಕೆಂಪು ಗೋಡೆ ಬಡತನದ ಗುರುತಾಯಿತು.

ಸರ್ಕಾರ ಇನ್ನೊಂದು ಸಲವೂ ನಮ್ಮ ಒಳಗೋಡೆಯವರೆಗೆ ಬಂತು. ಮಲೆನಾಡು ಎಂದರೆ ಆಗ ಮಲೇರಿಯಾದ ತವರು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಮನೆಯೊಳಗೆ ಡಿಡಿಟಿ ಸಿಂಪಡಿಸಿದರು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ, ಅಲ್ಲೇ ಸಾಯಲಿ ಎಂಬುದು ಲೆಕ್ಕ. ಅದಕ್ಕೇ ಸಿಂಪಡಿಸಿದ ಮೇಲೆ ಕೆಲವು ತಿಂಗಳು ಗೋಡೆಗೆ ಮಣ್ಣು, ಸಗಣಿ, ಸುಣ್ಣ ಏನನ್ನೂ ಬಳಿಯಬಾರದು. ಬಳಿದರೆ ಔಷಧ ಅಡಿಗೆ ಹೋಗಿಬಿಡುತ್ತದೆ. ಆದರೆ ಹಬ್ಬ ಕಾಯುತ್ತದೆಯೇ? ಆಗಿನ್ನೂ ಹೊಸ ಮದುಮಗಳಾಗಿದ್ದ ನಮ್ಮ ಅತ್ತೆ ಹಬ್ಬದ ಮುನ್ನಾದಿನ ಆ ಬಿಳಿಚಿಕೊಂಡ ಕಲೆಗಳ ಮೇಲೆ ಸುಣ್ಣ ಎಳೆದು, ಮುಂದಿನ ಸಲ ಬಂದ ಔಷಧದವನಿಂದ ಬೈಸಿಕೊಂಡಿದ್ದರಂತೆ. "ಅವನು ಹೇಳಿದ್ದೂ ಸರಿ ಕಣೇ, ನಾನು ಮಾಡಿದ್ದೂ ಸರಿ" ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಇಬ್ಬರದೂ ಸರಿ ಎಂದೇ ನನಗೂ ಅನ್ನಿಸುತ್ತದೆ. ಔಷಧ ಹೊಡೆದವರಿಗೆ ಅದು ಸೊಳ್ಳೆ ಕೂರುವ ಜಾಗ, ಅತ್ತೆಗೆ ಅದು ದೀಪದ ಹಿಂದಿನ ಗೋಡೆ.

ಮೂರನೆಯದು ನೀಲಿ. 1979ರಲ್ಲಿ ನಾನು ಸೊಸೆಯಾಗಿ ಬಂದಾಗ ಇದ್ದ ಬಣ್ಣ. ಬಟ್ಟೆಗೆ ಹಾಕುವ ನೀಲಿಯನ್ನೇ ಸುಣ್ಣಕ್ಕೆ ಹಾಕುತ್ತಿದ್ದೆವು. ಚಿಟಿಕೆ ಹಾಕಿದರೆ ಹಳದಿ ಛಾಯೆ ಅಡಗಿ ಬಿಳಿ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ, ಕೈ ಜಾರಿದರೆ ಮನೆಯೆಲ್ಲ ಆಕಾಶ. ನಮ್ಮ ಬೀದಿಯಲ್ಲಿ ಅರ್ಧದಷ್ಟು ಮನೆ ಹೀಗೆ ಕೈ ಜಾರಿದವೇ.

ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಆ ನೀಲಿಯ ಪೂರ್ವಜನ್ಮ ಕೇಳಿದರೆ ಆಶ್ಚರ್ಯವಾಗುತ್ತದೆ. ಅದರ ಹೆಸರು ಅಲ್ಟ್ರಾಮರೀನ್. ಶತಮಾನಗಳ ಕಾಲ ಅದನ್ನು ಅಫ್ಘಾನಿಸ್ತಾನದ ಬದಖ್‌ಶಾನದ ಗಣಿಗಳಿಂದ ಬಂದ ನೀಲಿಕಲ್ಲನ್ನು ಅರೆದು ಮಾಡುತ್ತಿದ್ದರು. ಎಷ್ಟು ದುಬಾರಿ ಎಂದರೆ, ಯುರೋಪಿನ ಚಿತ್ರಕಾರರು ಮೇರಿ ಮಾತೆಯ ಮೇಲುವಸ್ತ್ರಕ್ಕೆಂದು ಅದನ್ನು ತೆಗೆದಿಡುತ್ತಿದ್ದರು. ಅಗ್ಗವಾಗಿ ಮಾಡುವ ದಾರಿ ತೋರಿಸಿದವರಿಗೆ 6000 ಫ್ರಾಂಕ್ ಬಹುಮಾನ ಎಂದು 1824ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು ಸಾರಿತು. 1828ರಲ್ಲಿ ಝಾನ್ ಬಾಪ್ತಿಸ್ತ್ ಗಿಮೆ ಎಂಬಾತ ಅದನ್ನು ಗೆದ್ದ. ಆಮೇಲೆ ರಾಣಿಯರ ನೀಲಿ ಬಟ್ಟೆ ಒಗೆಯುವ ಕಲ್ಲಿನವರೆಗೂ ಬಂತು. ಇನ್ನೊಂದು ಗುಣವೂ ಅದಕ್ಕಿದೆ. ಸುಣ್ಣದ ಕ್ಷಾರಕ್ಕೆ ಎಲ್ಲ ಬಣ್ಣವೂ ತಡೆಯುವುದಿಲ್ಲ. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂದು ಓಕುಳಿ ಕಲೆಸಿದ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಈ ನೀಲಿ ಮಾತ್ರ ಸುಣ್ಣದಲ್ಲಿ ಕದಲುವುದಿಲ್ಲ.

ನಾನು ಬಂದ ವರ್ಷದ ದೀಪಾವಳಿಗೆ ಅತ್ತೆ ನನ್ನನ್ನು ಬಾಗಿಲ ಹಿಂದಿನ ಗೋಡೆಯ ಹತ್ತಿರ ಕರೆದು, ಅಂಗೈಯಗಲ ಬಳಿದು ತೋರಿಸಿದರು. "ತುಂಬಾ ನೀಲಿ ಆಯ್ತಲ್ಲ ಅತ್ತೆ" ಎಂದೆ. "ಈಗಲೇ ಹೇಳಬೇಡ, ಒಣಗಿದ ಮೇಲೆ ನೋಡು" ಎಂದರು. ಸುಣ್ಣ ಹಸಿಯಲ್ಲಿ ತೋರುವುದೇ ಬೇರೆ, ಒಣಗಿದ ಮೇಲೆ ಆಗುವುದೇ ಬೇರೆ. ಮಧ್ಯಾಹ್ನದ ಹೊತ್ತಿಗೆ ಅದು ಹಾಲಿಗೆ ಹತ್ತಿರವಾಗಿತ್ತು. ಇನ್ನು ಒಂದು ಚಮಚ ಹಾಕಲೋ ಬೇಡವೋ ಎಂದು ಅವರು ನನ್ನನ್ನು ಕೇಳಿದರು. ನಾನು ಹಾಕಿ ಎಂದೆ. ಈಗ ಯೋಚಿಸಿದರೆ, ಈ ಗೋಡೆಯ ವಿಷಯದಲ್ಲಿ ನನ್ನ ಮಾತು ನಡೆದದ್ದು ಆ ಒಂದು ಚಮಚ ಮಾತ್ರ.

ನಾಲ್ಕನೆಯದು ಪಿಸ್ತಾ ಹಸಿರು, 1987. ಇವರಿಗೆ ಬಡ್ತಿಯಾದ ವರ್ಷ. ಸುಣ್ಣ ಮೈಗೆ ಹತ್ತುತ್ತದೆ, ಡಿಸ್ಟೆಂಪರ್ ಹೊಡೆಸೋಣ ಎಂದರು. ನಮ್ಮ ದೇಶದಲ್ಲಿ ಬಣ್ಣದ ಡಬ್ಬಿ ಮಧ್ಯಮವರ್ಗದ ಮನೆ ಹೊಕ್ಕಿದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. 1942ರಲ್ಲಿ ಮುಂಬೈಯ ನಾಲ್ವರು ಗೆಳೆಯರು ಸೇರಿ ಏಷ್ಯನ್ ಪೇಂಟ್ಸ್ ಶುರುಮಾಡಿದರು. ಕೈಯಲ್ಲಿ ಬ್ರಷ್ ಹಿಡಿದು, ಹಣೆಯ ಮೇಲೆ ಕೂದಲು ಇಳಿಬಿಟ್ಟ ತುಂಟ ಹುಡುಗ ಗಟ್ಟು ನಿಮಗೆ ನೆನಪಿರಬೇಕು. ಅವನನ್ನು 1954ರಲ್ಲಿ ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಸುಣ್ಣಕ್ಕಿದ್ದ ಎರಡು ಮೂರು ಬಣ್ಣದ ಬದಲು ಸಾಲುಸಾಲು ಚೌಕಗಳಿದ್ದ ಶೇಡ್ ಕಾರ್ಡು ಮನೆಗೆ ಬಂತು.

ಆ ಕಾರ್ಡು ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಜಗಲಿಯಲ್ಲಿ ಇವರು, ಇವರ ಸ್ನೇಹಿತರೊಬ್ಬರು, ಮೇಸ್ತ್ರಿ. ನಾನು ಚಹಾ ತೆಗೆದುಕೊಂಡು ಹೋದಾಗ ಬಗ್ಗಿ ನೋಡಿದೆ. ಸಂಪಿಗೆಯ ಹೂವನ್ನು ಹಾಲಲ್ಲಿ ಅದ್ದಿದಂತಹ ಒಂದು ಹಳದಿ ಅದರಲ್ಲಿತ್ತು. "ಇದು ಚೆನ್ನಾಗಿದೆ" ಎಂದೆ. ಇವರು ತಲೆಯೆತ್ತಿ ನಕ್ಕು, "ಹಸಿರು ಕಣ್ಣಿಗೆ ತಂಪು" ಎಂದರು. ಅಷ್ಟೇ. ಬೈಗುಳವಿಲ್ಲ, ಜಗಳವಿಲ್ಲ. ಅವರೇನೂ ಕೆಟ್ಟವರಲ್ಲ, ನನಗೆ ಜ್ವರ ಬಂದರೆ ಗಂಜಿ ಕಾಯಿಸಿದವರು. ಗೋಡೆ ಎನ್ನುವುದು ದುಡ್ಡಿನ ಬಾಬ್ತು, ದುಡ್ಡಿನ ಬಾಬ್ತು ಗಂಡಸರದು ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಮಣ್ಣು, ಸುಣ್ಣ ಇರುವವರೆಗೆ ಕೂಲಿಯಿಲ್ಲದ ಆ ಕೆಲಸ ಹೆಂಗಸರದಾಗಿತ್ತು. ದುಡ್ಡು ಕೊಟ್ಟು ಮಾಡಿಸುವ ಕೆಲಸವಾದ ಕೂಡಲೇ ಅದು ಜಗಲಿಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಪೇಂಟರ್‌ಗಳಿಗೆ ಚಹಾ ಕಾಯಿಸುವುದು, ನೆಲಕ್ಕೆ ಬಿದ್ದ ಹನಿ ಉಜ್ಜುವುದು.

ಇಲ್ಲೊಂದು ತಮಾಷೆ ಇದೆ. ಬಣ್ಣದ ಕಾರ್ಖಾನೆ ನಮ್ಮ ಮೈಸೂರಿನಲ್ಲೂ ಇದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಗು ಮತ್ತು ಬಣ್ಣ ತಯಾರಿಸಲು ಅದನ್ನು ಸ್ಥಾಪಿಸಿದರು. 1962ರ ಮಹಾಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲೇ. ಪ್ರತಿ ಚುನಾವಣೆಯಲ್ಲೂ ಆ ಶಾಯಿ ಹಚ್ಚಿಸಿಕೊಂಡು ಬಂದು ಬೆರಳು ತೋರಿಸಿ ಬೀಗಿದವಳು ನಾನು. ದೇಶವನ್ನು ಯಾರು ಆಳಬೇಕೆಂದು ಆರಿಸುವಾಗ ನಾನು ಯಾರನ್ನೂ ಕೇಳಲಿಲ್ಲ. ನಡುಮನೆಯ ಗೋಡೆಗೆ ಮಾತ್ರ "ಇವರನ್ನ ಕೇಳಿ ಹೇಳ್ತೀನಿ."

ಆ ವರ್ಷವೇ ಕಿಟಕಿಯ ಸರಳುಗಳಿಗೆ ಎಣ್ಣೆಬಣ್ಣ ಹೊಡೆಸಿದೆವು. ಮಗನಿಗೆ ಆಗ ಎರಡು ವರ್ಷ, ಕಿಟಕಿ ಹತ್ತಿ ಸರಳು ಕಚ್ಚುತ್ತಾ ನಿಲ್ಲುತ್ತಿದ್ದ. ನಾನು ನಗುತ್ತಿದ್ದೆ. ಎಣ್ಣೆಬಣ್ಣಕ್ಕೆ ಸೀಸ ಬೆರೆಸುತ್ತಾರೆ, ಅದು ಮಕ್ಕಳ ಮಿದುಳಿಗೆ ವಿಷ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಮನೆಯೊಳಗೆ ಸೀಸದ ಬಿಳಿ ಬಣ್ಣ ಬಳಸಬಾರದೆಂದು 1921ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಂದ ಮಾಡಿತ್ತು. ಅಮೆರಿಕ 1978ರಲ್ಲಿ ಮನೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ನನ್ನ ಮಗ ಆರೋಗ್ಯವಾಗಿದ್ದಾನೆ, ಅದು ನನ್ನ ಅದೃಷ್ಟ. ಆದರೆ ಹಳೆಯ ಮನೆ ಕೆರೆಸುವಾಗ ಎಣ್ಣೆಬಣ್ಣದ ಧೂಳು ಮಕ್ಕಳಿಗೆ ತಾಗದಂತೆ ನೋಡಿಕೊಳ್ಳಿ, ಒಣ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ನನ್ನ ಓದುಗ ತಂಗಿಯರಿಗೆ ಹೇಳದೆ ಇರಲಾರೆ.

ಕೊನೆಯದು ಬಾದಾಮಿ. 2004ರಲ್ಲಿ ನಾದಿನಿಯ ಮಗಳ ಮದುವೆಗೆಂದು ಹೊಡೆಸಿದ ಪ್ಲಾಸ್ಟಿಕ್ ಎಮಲ್ಷನ್. ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಮೈಗೆ ಹತ್ತುವುದಿಲ್ಲ, ರೇಷ್ಮೆಯಂತೆ ಮಿನುಗುತ್ತದೆ. ಆಗ ನಾನೂ ಹಿಗ್ಗಿದ್ದೆ. ಈಗಂತೂ ನಮ್ಮ ಊರಿನ ಅಂಗಡಿಯಲ್ಲೇ ಯಂತ್ರವಿದೆ, ಸಾವಿರಾರು ಛಾಯೆಗಳಲ್ಲಿ ಬೇಕಾದ್ದನ್ನು ಕಣ್ಣೆದುರೇ ಬೆರೆಸಿ ಕೊಡುತ್ತದೆ. ಒಂದು ಗೋಡೆ ಮಾತ್ರ ಗಾಢ, ಉಳಿದ ಮೂರು ತಿಳಿ ಎಂಬುದೂ ಒಂದು ಫ್ಯಾಷನ್ನು.

ಹಾಗಾದರೆ ಈ ಗೋಡೆ ಉಬ್ಬಿದ್ದೇಕೆ? ಚಕ್ಕೆಗಳನ್ನು ಕೈಯಲ್ಲಿ ಹಿಡಿದಾಗ ಅರ್ಥವಾಯಿತು. ಬಾದಾಮಿ ಬಣ್ಣದ್ದು ಪ್ಲಾಸ್ಟಿಕ್ ಹಾಳೆಯಂತೆ ಬಾಗುತ್ತಿತ್ತು. ನಮ್ಮದು ಮಣ್ಣಿನ ಗೋಡೆ. ಮಳೆಗಾಲದಲ್ಲಿ ನೆಲದಿಂದ ತೇವ ಎಳೆದುಕೊಳ್ಳುವುದು, ಬಿಸಿಲಿಗೆ ಬಿಟ್ಟುಕೊಡುವುದು ಅದರ ಸ್ವಭಾವ. ಮಣ್ಣು, ಸುಣ್ಣ ಎರಡೂ ತೇವವನ್ನು ಹೊರಗೆ ಬಿಡುತ್ತವೆ. ಎಮಲ್ಷನ್ ಬಿಡುವುದಿಲ್ಲ. ಹೊರದಾರಿ ಸಿಗದ ನೀರು ಬಣ್ಣವನ್ನೇ ದಬ್ಬಿತು. ಇಟ್ಟಿಗೆ, ಸಿಮೆಂಟಿನ ಮನೆಗೆ ಒಗ್ಗುವ ಬಣ್ಣ ನಮ್ಮ ಗೋಡೆಗೆ ಒಗ್ಗಲಿಲ್ಲ. ಇಷ್ಟು ವರ್ಷದಲ್ಲಿ ಬಣ್ಣ ಆರಿಸಿದವರು ಕಾರ್ಡು ನೋಡಿದರು, ಗೋಡೆಯನ್ನು ನೋಡಲಿಲ್ಲ. ಗೋಡೆಯನ್ನು ಕೈಯಿಂದ ಸವರಿ ಬಲ್ಲವರನ್ನು ಕೇಳಲೂ ಇಲ್ಲ. ಅತ್ತೆ ಇದ್ದಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.

ಪೇಂಟರ್ ಬಂದ. "ಪೂರ್ತಿ ಕೆರೆದುಬಿಡಪ್ಪಾ, ಸುಣ್ಣ ಹೊಡಿ" ಎಂದೆ.

"ಈಗ ಯಾರಮ್ಮಾ ಸುಣ್ಣ ಹೊಡೆಸ್ತಾರೆ? ಮೈಗೆ ಹತ್ತುತ್ತೆ, ಎರಡು ವರ್ಷಕ್ಕೆ ಮತ್ತೆ ಹೊಡೀಬೇಕು" ಎಂದ.

"ಹತ್ತಲಿ. ಒರಗೋರು ಯಾರಿದ್ದಾರೆ ಇಲ್ಲಿ? ಎರಡು ವರ್ಷಕ್ಕೆ ನೀನೇ ಬಾ."

"ಬಿಳೀನಾ?"

"ಹಳದಿ. ಸಂಪಿಗೆ ಹೂವು ನೋಡಿದ್ದೀಯಲ್ಲ, ಅದಕ್ಕಿಂತ ತಿಳಿ."

ಅರಿಶಿನ ಆಗದು, ಮಣ್ಣಿನ ಹಳದಿ ಪುಡಿಯೇ ಬೇಕು ಎಂದೂ ಹೇಳಿದೆ. ಎರಡು ದಿನ ಹುಡುಕಿ ತಂದ. ಬಾಗಿಲ ಹಿಂದೆ ಅಂಗೈಯಗಲ ಬಳಿದು, ಅದರ ಪಕ್ಕ ಒಂದು ಚಮಚ ಹೆಚ್ಚು ಹಾಕಿದ್ದನ್ನೂ ಬಳಿದ. ಸೊಸೆ ಫೋನಿನಲ್ಲಿ ತೋರಿಸಿ ಎಂದಳು, ತೋರಿಸಿದೆ. "ಸ್ವಲ್ಪ ಗಾಢ ಆಯ್ತು ಅಲ್ವಾ ಅತ್ತೆ?" ಎಂದಳು.

"ಈಗಲೇ ಹೇಳಬೇಡ ಕಣೇ, ಒಣಗಲಿ" ಎಂದೆ.

ಮಧ್ಯಾಹ್ನ ಊಟವಾದ ಮೇಲೆ ಹೋಗಿ ನೋಡಿದೆ. ಒಂದು ಚಮಚ ಹೆಚ್ಚಿನದೇ ಚೆನ್ನಾಗಿತ್ತು. ಅದನ್ನೇ ಹೊಡಿ ಎಂದೆ.